ಅಕ್ಷರ ಜೋಡಣೆ

ಸತ್ತವರನ್ನೆಲ್ಲ ಅವನು ಒಂದೇ ಫೈಲಿನಲ್ಲಿಟ್ಟಿದ್ದ. ಹೊಸಬರು ಬಂದಾಗ ಹಳಬರ ಹೆಸರು ಅಳಿಸಿ ಇವರದನ್ನು ಕೂರಿಸಿದರೆ ತಿಥಿ ಕಾರ್ಡು ಸಿದ್ಧ. ‘ಪರಮಪೂಜ್ಯ’, ‘ದೈವಾಧೀನ’, ‘ಚಿರಶಾಂತಿ’ ಯಾರಿಗಾದರೂ ಒಪ್ಪುತ್ತಿದ್ದವು. ಬದುಕಿದ್ದಾಗ ಪೂಜ್ಯನಾಗಿದ್ದನೋ ಪುಂಡನಾಗಿದ್ದನೋ, ಕೇಳುವವರಾರು?

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿದ್ದ ತನ್ನ ಡಿಟಿಪಿ ಅಂಗಡಿಯಲ್ಲಿ ಮಾಧವ ಪ್ರಸಾದ್ ಈಗ ಅಷ್ಟನ್ನೂ ಕೈಯಾರೆ ಮಾಡುತ್ತಿರಲಿಲ್ಲ. ಪೇಜ್‌ಮೇಕರಿಗೆ ಪದ ಹುಡುಕಿ ತಾನೇ ಬದಲಾಯಿಸುವ ಒಂದು ಸ್ಕ್ರಿಪ್ಟ್ ಬರೆದಿದ್ದ. ಗುಂಡಿ ಒತ್ತಿದರೆ ಹಳೆಯ ಕಾರ್ಡುಗಳ ಇಸವಿ ಹೊಸದಾಗುತ್ತಿತ್ತು, ಫೋನ್ ನಂಬರು ಹೊಸದಾಗುತ್ತಿತ್ತು, ತಳದಲ್ಲಿ ‘ಅಕ್ಷರ ಜೋಡಣೆ: ಪುಟ್ಟಮಾದಪ್ಪ’ ಎಂದಿದ್ದದ್ದು ‘ಮಾಧವ ಪ್ರಸಾದ್’ ಆಗುತ್ತಿತ್ತು.

ಪುಟ್ಟಮಾದಪ್ಪನೂ ಅವನೇ; ಓದುವಾಗ ಖರ್ಚಿಗೆಂದು ಜೋಡಿಸಿದ್ದ ಕಾರ್ಡುಗಳಲ್ಲಿ ಆ ಹೆಸರೇ ಇತ್ತು. ಅವನ ಹುಟ್ಟೂರು ಹನೂರಿನಲ್ಲಿ ಒಂದು ಕಲ್ಲೆಸೆದರೆ ನಾಲ್ಕು ಮಾದಪ್ಪಂದಿರಿಗೆ ತಾಗುತ್ತದೆ. ಮೈಸೂರಿನ ಹಾಸ್ಟೆಲಿನಲ್ಲಿ ಆ ಹೆಸರಿಗೆ ಎಲ್ಲರೂ ನಕ್ಕಿದ್ದರು. ಎಂ.ಎ. ಮುಗಿಯುತ್ತಲೇ ಅಫಿಡವಿಟ್ ಮಾಡಿಸಿ, ಮಾದನಿಗೊಂದು ಮಹಾಪ್ರಾಣ ತೊಡಿಸಿ, ಮಾಧವನಾಗಿದ್ದ. ಊರಿಗೆ ಹೋಗುವುದನ್ನೂ ಬಿಟ್ಟ. ಇದ್ದ ಹಕಾರವನ್ನೇ ನುಂಗುವ ಜನ. ಅವರ ನಾಲಗೆಗೆ ಮಹಾಪ್ರಾಣ ದಕ್ಕೀತೆ? ಆದರೆ ಯಾರಾದರೂ ಗುರುತು ಹಿಡಿದು ಬೀದಿಯಲ್ಲಿ ಆ ಹಳೆಯ ಹೆಸರು ಕೂಗಿಬಿಟ್ಟರೆ ಎಂಬ ಭಯ ಮಾತ್ರ ಅವನನ್ನು ಬಿಟ್ಟಿರಲಿಲ್ಲ.

ಮಧ್ಯಾಹ್ನ ಪುಟ್ಟಬಸಮ್ಮನೆಂಬ ಮುದುಕಿ ಬಂದಳು. ತಮ್ಮ ತೀರಿಕೊಂಡಿದ್ದ, ತಿಥಿಗೆ ಕಾರ್ಡು ಬೇಕಿತ್ತು.

“ಹೆಸರು?”

“ಪುಟ್ಟಮಾದಪ್ಪ ಅಂತ ಸಾ. ಅನೂರು.”

ಅವನ ಬೆರಳು ತಡೆಯಿತು.

“ನಿಮ್ದು ಯಾವೂರು ಸಾ? ಮೊಕ ನಮ್ ಕಡೇರ್ ತರ ಅದೆ.”

“ಮೈಸೂರು,” ಎಂದ, ತಲೆಯೆತ್ತದೆ.

“ಅಂಗಾರೆ ಬುಡಿ.”

ಬೇಗ ಸಾಗಹಾಕಿದರೆ ಸಾಕೆನಿಸಿತು. ಹೆಸರು ಕುಟ್ಟಿದ, ಗುಂಡಿ ಒತ್ತಿದ, ಪರದೆ ನೋಡದೆಯೇ ಪ್ರಿಂಟ್ ಕೊಟ್ಟ. ಹೊರಬಂದ ಹಾಳೆಯನ್ನು ಮುದುಕಿ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನಂಗೆ ಅಕ್ಸರ ಬರಕಿಲ್ಲ. ನನ್ ತಮ್ಮನ್ ಎಸ್ರು ಎಲ್ಲದೆ, ತೋರ್ಸಿ ಸಾ.”

ಬೆರಳಿಟ್ಟು ತೋರಿಸಿದ. ಆಗ ಕಂಡಿತು: ‘ಪರಮಪೂಜ್ಯ ಮಾಧವ ಪ್ರಸಾದ್ ಅವರು ದೈವಾಧೀನರಾದ ಪ್ರಯುಕ್ತ...’ ಸ್ಕ್ರಿಪ್ಟಿಗೆ ತಳವೇನು, ನೆತ್ತಿಯೇನು? ಕಂಡ ಪುಟ್ಟಮಾದಪ್ಪನನ್ನೆಲ್ಲ ಬದಲಾಯಿಸಿತ್ತು.

ತಿದ್ದುವುದು ಕಷ್ಟವೇನಲ್ಲ. ಆದರೆ ತಪ್ಪಾಗಿದೆ ಎಂದರೆ ಏನು ತಪ್ಪು, ಇದು ಯಾರ ಹೆಸರು, ಇಲ್ಲಿಗೆ ಹೇಗೆ ಬಂತು ಎಂದು ಕೆದಕುತ್ತಾಳೆ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ತಿದ್ದದೆ ಬೆರಳು ಹಿಂದೆಗೆದುಕೊಂಡ.

ಮುದುಕಿಯ ಬೆರಳು ಸವರುತ್ತ ತಳಕ್ಕಿಳಿಯಿತು. “ಇಲ್ಲೂ ಅಂಗೇ ಅದಲ್ಲಾ ಸಾ. ಅದೇ ಸೊಟ್ಟ, ಅದೇ ಕೊಂಬು. ಇದ್ಯಾರ್ದು?”

“ಅಕ್ಷರ ಜೋಡಿಸಿದವನದು.”

“ಅವ್ನೂ ಓದ್ನಾ?”

“ಹೌದು,” ಎಂದ ತುಸು ಬಿಗುಮಾನದಿಂದ. “ಎಂ.ಎ.”

“ಅಯ್ಯೋ ಸಿವ್ನೆ! ಅದ್ಯಾವ್ ಕಾಯ್ಲೆ ಸಾ ಅದು?”

ಅವಳು ನುಂಗಿದ್ದ ಹಕಾರ ಆಗ ಅವನಿಗೆ ಕೇಳಿಸಿತು. ಹುಟ್ಟಿದೂರಿನ ಮಾತು ಅವನಿಗೇ ಅರ್ಥವಾಗಿರಲಿಲ್ಲ. ಇಲ್ಲ, ಅವನು ಹೋಗಿಲ್ಲ ಎನ್ನಲು ಬಾಯಿ ತೆರೆದ.

“ಎಡ್ತಿ ಮಕ್ಳು?” ಎಂದಳು.

“ಯಾರೂ ಇಲ್ಲ.”

“ಅವ್ವ ಅಪ್ಪ?”

“ಗೊತ್ತಿಲ್ಲ.”

“ಪಾಪ, ಅಳಾಕೂ ಒಬ್ರಿಲ್ಲ.” ಮುದುಕಿ ಕಣ್ಣೊರೆಸಿಕೊಂಡಳು. ಹಾಳೆಯನ್ನು ಮೇಜಿನ ಮೇಲೆ ಹಾಸಿ, ಸೊಂಟದ ಚೀಲದಿಂದ ವಿಭೂತಿ ತೆಗೆದು ತಮ್ಮನ ಹೆಸರೆಂದುಕೊಂಡದ್ದಕ್ಕೆ ಹಚ್ಚಿದಳು. ಕೊಂಚ ತಡೆದು, ತಳದ ಹೆಸರಿಗೂ ಒಂದು ಚಿಟಿಕೆ ಇಟ್ಟಳು.

“ಚೆಂದಾಗದೆ ಸಾ. ಇಂಗೇ ಒಂದ್ ನೂರು ಕೊಡಿ. ಅನೂರ್ನಾಗೆ ಒಂದ್ ಮನೇನೂ ಬುಡ್ದಂಗೆ ಅಂಚ್ಬೇಕು.”

ಅವನು ಒತ್ತಿದ. ಪ್ರಿಂಟರು ಒಂದೊಂದೇ ಹಾಳೆ ಎಳೆದುಕೊಳ್ಳತೊಡಗಿತು. ಮೇಜಿನ ಮೇಲಿನ ಬೂದಿ ಫ್ಯಾನಿನ ಗಾಳಿಗೆ ಎದ್ದು ಅವನ ಮುಖಕ್ಕೆ ಹಾರಿತು; ಅವನು ಒರೆಸಿಕೊಳ್ಳಲಿಲ್ಲ.