ಪರ್ಸು ಒಳಗಿಡು

ನನ್ನ ತಮ್ಮನ ಹೆಂಡತಿ ಊರ್ಮಿಳಾಳನ್ನು ಆ ನಾಟಕದ ಹಾಲಿಗೆ ಎಳೆದುಕೊಂಡು ಹೋದವಳೇ ನಾನು. ೧೯೮೫ನೇ ಇಸವಿ. ಇಂದು ಎಂಬ ಅವಳ ಮಗಳು ಈಸ್ಟ್ ಸ್ಯಾನ್ ಹೋಸೆಯ ಚಿಕಾನೋ ಮಕ್ಕಳ ನಾಟಕ ತಂಡ ಸೇರಿದ್ದಳು. ಇಲ್ಲೇ ಹುಟ್ಟಿದ ಮೆಕ್ಸಿಕನ್ ಮನೆಗಳ ಮಕ್ಕಳು ಅವರು. ಬಿಯಾಟ್ರಿಸ್ ಎಂಬಾಕೆ ಅವರಿಗೆ ನಾಟಕವನ್ನೂ ಪಾಠವನ್ನೂ ಹೇಳಿಕೊಡುತ್ತಿದ್ದಳು.

"ಇವತ್ತು ನೋಡ್ತೀನಿ, ಸರಿ ಅನ್ನಿಸ್ಲಿಲ್ಲ ಅಂದ್ರೆ ಬಿಡಿಸಿಬಿಡ್ತೀನಿ," ಎಂದು ಊರ್ಮಿಳಾ ಫ್ರೀವೇ ಉದ್ದಕ್ಕೂ ಗೊಣಗಿದಳು.

"ಬಿಡಿಸಿ ಏನು ಮಾಡ್ತೀಯೆ, ಉಪ್ಪಿನಕಾಯಿ ಹಾಕ್ತೀಯಾ?" ಎಂದೆ. ಸಿಟ್ಟು ಬಂದಿತ್ತು. ಸ್ಕೂಲಿನಲ್ಲಿ ಒಬ್ಬಳೇ ಕೂತು ಊಟ ಮಾಡುತ್ತಿದ್ದ ಹುಡುಗಿಗೆ ನಾಲ್ಕು ಜನ ಸ್ನೇಹಿತರು ಸಿಕ್ಕಿದ್ದೇ ಆ ತಂಡದಲ್ಲಿ. ಅವರಲ್ಲಿ ಗ್ರಸಿಯೇಲಾ ಅಂತೂ ಒಂದು ವರ್ಷದಿಂದ ವಾರಕ್ಕೊಮ್ಮೆ ಊರ್ಮಿಳಾಳ ಮನೆಯಲ್ಲೇ ದೋಸೆ ತಿನ್ನುತ್ತಿದ್ದಳು. ಆವತ್ತು ತನ್ನ ಪಾತ್ರ ಮುಗಿಸಿ ನಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಕೊನೆಯ ಆಟಕ್ಕೆ ಒಂದು ನಿಯಮವಿತ್ತು. ತಮ್ಮ ತಂಡದವರ ಬಗ್ಗೆ ಕಿವಿಗೆ ಬಿದ್ದ ಒಂದು ಮಾತನ್ನು ಪ್ರತಿ ಮಗುವೂ ಹೇಳಬೇಕು. ಆ ಮಾತು ಆಡಿದವರು ಹಾಲಿನಲ್ಲಿದ್ದರೆ ಕೈ ಎತ್ತಬೇಕು. ಒಬ್ಬ ಹುಡುಗ, "ಕಾಲೇಜು ನಿನ್ನಂಥವನಿಗಲ್ಲ," ಎಂದ. ಅವನ ಮೇಷ್ಟ್ರು ಕೆಂಪಗಾಗಿ ಕೈ ಎತ್ತಿದರು. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಇಂದು ಬಂದಳು. ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಕನ್ನಡದಲ್ಲಿ ಬಾಯಿ ತೆರೆದಳು. ಊರ್ಮಿಳಾ ಹಿಗ್ಗಿ ನನ್ನ ಕೈ ಹಿಡಿದುಕೊಂಡಳು.

"ಪರ್ಸು ಒಳಗಿಡೇ, ಆ ಹುಡುಗಿ ಬಂದಿದಾಳೆ."

ಥೇಟ್ ಊರ್ಮಿಳಾಳ ದನಿ, ಅದೇ ರಾಗ. ಊರ್ಮಿಳಾ ನನ್ನ ಕೈ ಬಿಟ್ಟಳು. ಇಂದು ಅದನ್ನೇ ಸ್ಪ್ಯಾನಿಷಿನಲ್ಲಿ ಹೇಳಿದಳು. ನಮ್ಮ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ತನ್ನ ಮಗುವನ್ನು ನಮ್ಮಿಂದ ದೂರದ ತೊಡೆಗೆ ಬದಲಾಯಿಸಿಕೊಂಡಳು.

"ಈ ಮಾತು ಯಾರದು?" ಎಂದು ಬಿಯಾಟ್ರಿಸ್ ಇಂಗ್ಲಿಷಿನಲ್ಲಿ ಕೇಳಿದಳು.

ಆ ಭಾಷೆಯವರು ಅಲ್ಲಿದ್ದದ್ದು ನಾವಿಬ್ಬರೇ. ಸೀರೆ ಉಟ್ಟ ಇಬ್ಬರನ್ನೂ ಎಲ್ಲರೂ ತಿರುಗಿ ನೋಡಿದರು. ನಾನು ಮಾಡದ ತಪ್ಪಿಗೆ ನನ್ನ ಮುಖವೂ ಉರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲಾದರೂ ಮುಟ್ಟಿ ನೋಡಿಕೊಳ್ಳುತ್ತಾರೆ. ಈ ಮಹಾರಾಯಿತಿ ಮಡಿಲಲ್ಲಿ ಕೈ ಕಟ್ಟಿ ಕೂತೇ ಇದ್ದಳು.

ಇಂದು ಕಾದಳು. ಅಮ್ಮನನ್ನು ನೋಡಿದಳು. ಕೊನೆಗೆ ತನ್ನ ಕೈಯನ್ನೇ ಎತ್ತಿ ಇಂಗ್ಲಿಷಿನಲ್ಲಿ, "ನಮ್ಮ ಮನೆಯ ಮಾತು, ಅಂದ್ರೆ ನಂದೇ," ಎಂದಳು. ಇನ್ನು ಅವಳ ಪಕ್ಕ ಯಾರು ಕೂರುತ್ತಾರೆ ಎಂದು ನನಗೆ ಚಿಂತೆಯಾಯಿತು.

"ಎದ್ದೇಳೇ, ಮಗು ಒಬ್ಬಳೇ ನಿಂತಿದಾಳೆ," ಎಂದು ಊರ್ಮಿಳಾಳನ್ನು ತಿವಿದೆ.

"ಸುಮ್ನಿರಿ ಅತ್ತಿಗೆ. ಯಾರು ಅಂದಿದ್ದು ಅಂತ ಇವರಿಗೆ ಹೇಗೆ ಗೊತ್ತಾಗತ್ತೆ? ಇಲ್ಲಿ ಯಾರಿಗೆ ಕನ್ನಡ ಬರತ್ತೆ?"

ಮುಂದಿನ ಸಾಲಿನಲ್ಲಿದ್ದ ಗ್ರಸಿಯೇಲಾ ಮೆಲ್ಲಗೆ ಹಿಂದಕ್ಕೆ ತಿರುಗಿದಳು.

"ನಂಗೆ ಬರತ್ತೆ, ಆಂಟಿ," ಎಂದಳು. "ನೀವು ಪರ್ಸು ಒಳಗಿಡು ಅಂದ ಆವತ್ತೂ ಬರ್ತಿತ್ತು."