ದೊಡ್ಡ ಸ್ಕೇಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಅಜ್ಜಿ ನನ್ನನ್ನು ಹೆಸರಿಟ್ಟು ಕರೆದದ್ದೇ ಕಡಿಮೆ, ಮೆಣಸಿನಕಾಯಿ ಎನ್ನುತ್ತಿದ್ದಳು. ಕೆಟ್ಟದ್ದೇನೂ ಅನ್ನಿಸುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ಮನೆಯಲ್ಲಿ ನಾವು ಮೂರೇ ಜನ. ಅಮ್ಮ ನನಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡಳು. ಸಾಕಿದ್ದು ಅಪ್ಪನ ಅಮ್ಮ. ಅಪ್ಪ ಎರಕದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮೇಸ್ತ್ರಿ. ಕಬ್ಬಿಣದಲ್ಲಿ ಆಗಬೇಕಾದ ವಸ್ತುವನ್ನು ಮೊದಲು ಮರದಲ್ಲಿ ಕೆತ್ತುವುದು ಅವರ ಕೆಲಸ. ಆ ಮರದ ರೂಪವನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಕುಳಿಗೆ ಕಾದ ಲೋಹ ಹೊಯ್ಯುತ್ತಾರೆ. ಮೂವತ್ತು ವರ್ಷ ಅದನ್ನೇ ಮಾಡಿ ಅವರ ಕಣ್ಣು ಎಷ್ಟು ಪಳಗಿತ್ತೆಂದರೆ, ಗೋಡೆಯ ಕ್ಯಾಲೆಂಡರ್ ಚೂರು ಓರೆಯಾಗಿದ್ದರೂ ಊಟದ ಮಧ್ಯೆ ಎದ್ದುಹೋಗಿ ನೆಟ್ಟಗೆ ಮಾಡಿ ಬರುತ್ತಿದ್ದರು.

ನನಗೆ ಕೈಗಾರಿಕಾ ವಿನ್ಯಾಸದ ಪದವಿಗೆ ಸೇರಬೇಕಿತ್ತು. ಜನ ದಿನಾ ಮುಟ್ಟುವ ಕುರ್ಚಿ, ಕೆಟಲ್, ಊರುಗೋಲು ಹೇಗಿದ್ದರೆ ಒಳ್ಳೆಯದೆಂದು ಯೋಚಿಸಿ ರೂಪಿಸುವ ಓದು. ಹಿಂದಿನ ವರ್ಷ ಅರ್ಜಿ ಹಾಕಿ ಮುಖಕ್ಕೆ ಹೊಡೆಸಿಕೊಂಡಿದ್ದೆ. "ಚಿತ್ರಗಳು ಚೆನ್ನಾಗಿವೆ. ಆದರೆ ಯಾವ ವಸ್ತುವೂ ಯಾರ ಕೈಗೂ ಹೋಗಿಲ್ಲ" ಎಂದು ಕಾಲೇಜಿನವರು ಒಂದೇ ಸಾಲು ಬರೆದು, ನನ್ನ ಕೆಲಸಗಳನ್ನು ಜೋಡಿಸಿದ್ದ ಪೋರ್ಟ್‌ಫೋಲಿಯೊ ವಾಪಸ್ ಕಳಿಸಿದ್ದರು. ಈ ವರ್ಷ ಬಿಟ್ಟರೆ ನನಗೆ ವಯಸ್ಸು ಮೀರುತ್ತಿತ್ತು. ಆಮೇಲೆ ಔಷಧಿ ಕಂಪನಿಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸವೇ ಖಾಯಂ. ಅರ್ಧ ದಿನ ಅದನ್ನು ಆಗಲೇ ಮಾಡುತ್ತಿದ್ದೆ. ಆ ಗೋಂದಿನ ವಾಸನೆ ಊಟ ಮಾಡುವಾಗಲೂ ಬೆರಳಿನಿಂದ ಹೋಗುತ್ತಿರಲಿಲ್ಲ.

ಪೋರ್ಟ್‌ಫೋಲಿಯೊದಲ್ಲಿ ಹದಿನಾರು ಪುಟ ಇರಬೇಕು. ಒಂದು ವಸ್ತುವನ್ನಾದರೂ ನಿಜವಾದ ಮನುಷ್ಯರು ಬಳಸಿ ನೋಡಿರಬೇಕು. ಎಡವಿದ್ದನ್ನೂ ತೋರಿಸಬೇಕು, ಎಲ್ಲವೂ ಸ್ವಂತ ಕೆಲಸವಾಗಿರಬೇಕು. ಮೊದಲು ಒಂದು ಕೆಟಲ್ ಹಿಡಿಕೆ ಮಾಡಿದೆ. ಮೆದು ಮರದಲ್ಲಿ ಕೆತ್ತಿದ್ದು, ಸೊಟ್ಟಗಿತ್ತು, ಆದರೆ ನನ್ನದು. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಅದು ಬೆಣ್ಣೆಯ ಹಾಗೆ ನುಣುಪಾಗಿ, ಎರಡೂ ಬದಿ ಒಂದೇ ಸಮನಾಗಿ, ಅಂಗಡಿಯಿಂದ ತಂದ ಹಾಗೆ ಕೂತಿತ್ತು. ಕೆಲಸಕ್ಕೆ ಹೊರಡುವ ಮುಂಚೆ ಅಪ್ಪ ಅರ್ಧ ಗಂಟೆ ಕೂತು ಉಜ್ಜಿದ್ದರು.

"ಸ್ವಲ್ಪ ಓರೆ ಇತ್ತು, ಅದಕ್ಕೆ" ಎಂದರು. ಮುಖದಲ್ಲಿ ಖುಷಿಯಿತ್ತು.

ಅಕ್ಕಪಕ್ಕದ ಮನೆಯವರು ಬಾಗಿಲು ತೆರೆದು ಇಣುಕುವಷ್ಟು ಕೂಗಾಡಿದೆ. "ಇದನ್ನ ನಾನು ಮಾಡಿದೆ ಅಂದ್ರೆ ಯಾವ ಕುರುಡ ನಂಬ್ತಾನೆ? ನನ್ನ ಕೆಲಸ ಮುಟ್ಬೇಡಿ. ನೋಡ್ಬೇಡಿ. ಅದರ ಬಗ್ಗೆ ಬಾಯೇ ಬಿಡ್ಬೇಡಿ." ಹಿಡಿಕೆಯನ್ನು ಅವರ ಕಾಲ ಬಳಿಗೇ ಎಸೆದೆ. ಅಪ್ಪ ಅದನ್ನು ಎತ್ತಿ ಕಿಸೆಗೆ ಹಾಕಿಕೊಂಡು ಕೆಲಸಕ್ಕೆ ಹೋದರು.

"ಒಂದು ಮಾತು ಆಡೋ ಜಾಗದಲ್ಲಿ ಹತ್ತು ಆಡ್ತೀಯಲ್ಲೇ" ಎಂದಳು ಅಜ್ಜಿ.

ಅಜ್ಜಿಗೆ ಮಂಡಿ ಸೋತಿತ್ತು. ಹಾಸಿಗೆಯಿಂದ ಏಳಬೇಕಾದರೆ ಯಾರಾದರೂ ಬರಬೇಕು. ಬಚ್ಚಲಿಗೆ ಹೋಗಲೂ ಮೊಮ್ಮಗಳನ್ನು ಕೂಗಬೇಕಲ್ಲ ಎಂದು ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ನನ್ನ ವಸ್ತು ಅಲ್ಲೇ ಸಿಕ್ಕಿತು. ಮಂಚದ ತಲೆಬದಿಯಲ್ಲಿ ನೆಟ್ಟಗೆ ನಿಂತ ಉಕ್ಕಿನ ಪೈಪಿಗೆ ಎರಡು ಮರದ ಹೋಳುಗಳನ್ನು ಬೋಲ್ಟಿನಿಂದ ಬಿಗಿದರೆ, ಪಕ್ಕಕ್ಕೆ ಚಾಚಿದ ಹಿಡಿ ಹಿಡಿದುಕೊಂಡು ಅವಳೇ ಏಳಬಹುದು.

ಹತ್ತಿರದ ವರ್ಕ್‌ಶಾಪಿನಲ್ಲಿ ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕೇಳಿ ತಂದು ಪೈಪು ಅಳೆದೆ. ಮೂವತ್ತೆಂಟು ಮಿಲಿಮೀಟರ್. ಅಷ್ಟೇ ಅಗಲದ ತೂತಿಗೆ ಮರದ ಮೇಲೆ ಗುರುತು ಹಾಕಲು ಅಪ್ಪನ ಸಲಕರಣೆಯ ಪೆಟ್ಟಿಗೆಯಿಂದ ಉಕ್ಕಿನ ಸ್ಕೇಲು ತೆಗೆದುಕೊಂಡೆ. ಅದರಲ್ಲಿ ಎರಡಿದ್ದವು, ಅಗಲವಾಗಿ ಹೊಳೆಯುತ್ತಿದ್ದುದನ್ನು ಆರಿಸಿಕೊಂಡೆ. ಹುಟ್ಟಿದಾಗಿನಿಂದ ನೋಡಿದ ಪೆಟ್ಟಿಗೆ, ಒಳಗಿರುವುದು ಏನೇನು ಎಂದು ಒಂದು ದಿನವೂ ಕೇಳಿದವಳಲ್ಲ. ಗುರುತು ಹಾಕುವಾಗ ಅಪ್ಪ ಬಾಗಿಲಲ್ಲಿ ಬಂದು ನಿಂತರು.

"ಏನು?" ಎಂದೆ, ತಲೆಯೆತ್ತದೆ.

"ಏನಿಲ್ಲ. ಪೆನ್ಸಿಲ್ ಬೇಕಿತ್ತು." ತೆಗೆದುಕೊಂಡು ಹೋದರು.

ಹೋಳುಗಳನ್ನು ಪೈಪಿಗೆ ಕೂರಿಸಿದಾಗ ಚೂರು ಸಡಿಲವೆನಿಸಿತು. ಒಳಗೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿದೆ. ಗಟ್ಟಿಯಾಯಿತು. ಇದನ್ನೂ ಒಂದು ಸುಧಾರಣೆ ಎಂದು ಪುಟದಲ್ಲಿ ಬರೆದುಕೊಂಡೆ. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಸಂದಿಗೆ ಪುಟ್ಟಿ ತುಂಬಿ ಬಣ್ಣ ಬಳಿದೆ.

"ಏನೇ ಇದು, ಮಂಚಕ್ಕೆ ಬಾಲ ಅಂಟಿಸಿದೀಯ?" ಎಂದಳು ಅಜ್ಜಿ. ಆಮೇಲೆ ಹಿಡಿದು ಎದ್ದಳು. ಎರಡು ಕಾಲ ಮೇಲೆ ನಿಂತು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದಳು. "ಯಾರನ್ನೂ ಕೂಗ್ಲಿಲ್ಲ ನೋಡು." ಅವಳ ಕಣ್ಣಲ್ಲಿ ನೀರಿತ್ತು. ನಾನು ಫೋಟೋ ತೆಗೆಯುವುದರಲ್ಲಿ ಮುಳುಗಿದ್ದೆ, ಬೆಳಕು ಎಡಗಡೆಯಿಂದ ಚೆನ್ನಾಗಿ ಬೀಳುತ್ತಿತ್ತು.

ಹನ್ನೊಂದು ದಿನ ಅವಳೇ ಎದ್ದಳು, ಅವಳೇ ಮಲಗಿದಳು. ಹನ್ನೆರಡನೆಯ ದಿನ ಮಧ್ಯಾಹ್ನ ನಾನು ಹೊರಕೋಣೆಯಲ್ಲಿ ಪುಟಗಳಿಗೆ ಅಂಚು ಕತ್ತರಿಸುತ್ತಿದ್ದೆ. ಒಳಗೆ ಏನೋ ಬಿದ್ದ ಸದ್ದು ಕೇಳಿತು. ಹಿಡಿ ಪೈಪಿನ ಸುತ್ತ ತಿರುಗಿ ಗೋಡೆಯ ಕಡೆ ಮುಖ ಮಾಡಿತ್ತು. ಅಜ್ಜಿ ನೆಲದ ಮೇಲಿದ್ದಳು, ಒಂದು ಕಾಲು ಕಾಲಿನ ಹಾಗೆ ಇರಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಎರಡನೆಯ ದಿನ ಎಚ್ಚರವಾದಾಗ ಅವಳು ಕೇಳಿದ್ದು, "ಬಿದ್ದಿದ್ದರ ಫೋಟೋನೂ ತೆಗೆದ್ಯೇನೇ?" ನಗಿಸಲೆಂದೇ ಕೇಳಿದಳು, ಅವಳ ಅಭ್ಯಾಸ ಅದು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ ಇಪ್ಪತ್ತಮೂರನೆಯ ದಿನ ಹೋದಳು.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು, ವಯಸ್ಸಾಗಿತ್ತು ಎಂದು. ಅಪ್ಪ ಎಲ್ಲರಿಗೂ ಹೌದು ಹೌದು ಎಂದರು. ಅರ್ಜಿಗೆ ಇನ್ನು ಒಂಬತ್ತು ದಿನ ಉಳಿದಿದ್ದಾಗ ನಾನು ಹಿಡಿಯನ್ನು ಪೈಪಿನಿಂದ ಬಿಚ್ಚಿದೆ. ಯಾಕೆ ತಿರುಗಿತೆಂದು ತಿಳಿಯದೆ ಬದುಕುವುದು ಆಗದ ಮಾತಾಗಿತ್ತು. ವರ್ನಿಯರ್ ಇಟ್ಟೆ. ಮೂವತ್ತೆಂಟು ಇರಬೇಕಾದ ತೂತು ಮೂವತ್ತೆಂಟು ಮುಕ್ಕಾಲಿತ್ತು. ಹೋಳುಗಳು ಪೈಪನ್ನು ಕಚ್ಚಿ ಹಿಡಿಯುವ ಮೊದಲೇ ಒಂದಕ್ಕೊಂದು ತಾಗಿ ನಿಂತಿದ್ದವು. ಅಷ್ಟು ದಿನ ಅಜ್ಜಿಯ ಭಾರ ಹೊತ್ತದ್ದು ಆ ಟ್ಯೂಬಿನ ತುಂಡು, ಅದು ಸವೆದು ಜಾರಿತ್ತು.

ಹಾಕಿದ ಗುರುತು ನನಗೆ ಚೆನ್ನಾಗಿ ನೆನಪಿತ್ತು. ಸಂಶಯ ಬಂದು ಸ್ಕೇಲನ್ನು ನನ್ನ ಹಳೆಯ ಪ್ಲಾಸ್ಟಿಕ್ ಸ್ಕೇಲಿನ ಪಕ್ಕ ಇಟ್ಟೆ. ಪ್ಲಾಸ್ಟಿಕ್ಕಿನದರ ಮೂವತ್ತು ಸೆಂಟಿಮೀಟರ್ ಮುಗಿದಲ್ಲಿಂದ ಅಪ್ಪನ ಸ್ಕೇಲಿನ ಮೂವತ್ತು ಆರು ಮಿಲಿಮೀಟರ್ ಮುಂದಿತ್ತು. ಆಗ ಹೊಳೆಯಿತು. ಕಾದ ಲೋಹ ಆರಿದಾಗ ಕುಗ್ಗುತ್ತದೆ. ಅದಕ್ಕಾಗಿ ಪ್ಯಾಟರ್ನ್ ಮಾಡುವವರು ಮರವನ್ನು ಅಷ್ಟು ದೊಡ್ಡದಾಗಿ ಕೆತ್ತುತ್ತಾರೆ. ಪ್ರತಿ ಸಲ ಲೆಕ್ಕ ಹಾಕುವ ಗೋಜಿಲ್ಲದಿರಲೆಂದು ಅವರ ಸ್ಕೇಲಿನ ಗೆರೆಗಳೇ ಉದ್ದ. ದೊಡ್ಡ ಸ್ಕೇಲು ಎಂದು ಅಪ್ಪ ಮಾತಿನ ನಡುವೆ ಹೇಳುವುದನ್ನು ನೂರು ಸಲ ಕೇಳಿದ್ದೆ. ಲೋಹ ಕುಗ್ಗುವುದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಗಿಟ್ಟಿಸಿದ್ದೆ. ಅವತ್ತು ನನ್ನ ಮೇಲೆ ನನಗೇ ಹುಟ್ಟಿದ ಅಸಹ್ಯಕ್ಕೆ ಅಳತೆಯಿಲ್ಲ.

ಆ ಪುಟಗಳನ್ನು ತೆಗೆದುಹಾಕಲು ಕೈ ಬರಲಿಲ್ಲ. ತೆಗೆದರೆ ಉಳಿಯುವುದು ಹಿಂದಿನ ವರ್ಷದ ಚಿತ್ರಗಳೇ. ಅಜ್ಜಿ ಎದ್ದು ನಿಂತ ಫೋಟೋ ಹಾಗೇ ಇಟ್ಟೆ. ಕೆಳಗೆ ತಪ್ಪಿನ ಕಾರಣ ಬರೆದೆ, ಬಳಸಿದವರು ಬಿದ್ದರು, ತೀರಿಕೊಂಡರು ಎಂದು ಬರೆದೆ. ಬರೆಯುವಾಗಲೇ ಮನಸ್ಸಿನ ಒಂದು ಮೂಲೆ, ಇದನ್ನು ಓದಿದರೆ ಕಾಲೇಜಿನವರು ನನ್ನನ್ನು ಖಂಡಿತ ಕರೆಯುತ್ತಾರೆ ಎಂದು ಲೆಕ್ಕ ಹಾಕುತ್ತಿತ್ತು. ಹಾಗೆ ಲೆಕ್ಕ ಹಾಕಿದ್ದು ಸುಳ್ಳಲ್ಲ.

ಉಳಿದದ್ದು ಪೋಷಕರ ಸಹಿ. ಭಾನುವಾರ ಬೆಳಿಗ್ಗೆ ಅರ್ಜಿಯನ್ನು ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಹಾಕಿ ನಿಧಾನವಾಗಿ ಓದಿದರು. ಈ ಕೆಲಸದಲ್ಲಿ ಅರ್ಜಿದಾರರಲ್ಲದೆ ಬೇರೆ ಯಾರ ಪಾಲೂ ಇಲ್ಲ, ಇದ್ದರೆ ಅರ್ಜಿಯನ್ನು ಪರಿಗಣಿಸುವುದಿಲ್ಲ ಎಂದಿತ್ತು.

"ಇದಕ್ಕೆ ನಾನು ಸಹಿ ಹಾಕಕ್ಕಾಗಲ್ಲ" ಎಂದರು.

"ಯಾಕೆ? ನೀವೇನೂ ಮುಟ್ಟಿಲ್ವಲ್ಲ."

"ಮುಟ್ಟಿಲ್ಲ. ನೋಡಿದ್ದೆ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವತ್ತು ನಿನ್ನ ಕೈಲಿ ದೊಡ್ಡ ಸ್ಕೇಲಿತ್ತು. ಮಾತು ಬಾಯಿ ತನಕ ಬಂತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಕೂಗ್ತೀಯಲ್ಲ."

ನಾನು ಅರ್ಜಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಬರೀ ಫೋಟೋಗೆ ಅಂದ್ಕೊಂಡೆ" ಎಂದರು ಅಪ್ಪ. "ಆಮೇಲೆ ಅಮ್ಮ ಅದನ್ನ ಹಿಡ್ಕೊಂಡು ಎದ್ಳು. ಅಷ್ಟು ಖುಷಿಯಾಗಿದ್ಳು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಹನ್ನೊಂದು ದಿನ ಕಳೆದೆ. ದಿನಾ ಬೆಳಿಗ್ಗೆ ನೀನು ಏಳೋ ಮುಂಚೆ ಹೋಗಿ ಎಳೆದು ನೋಡ್ತಿದ್ದೆ. ಗಟ್ಟಿಯಾಗೇ ಇತ್ತು. ಅವತ್ತು ಬೆಳಿಗ್ಗೇನೂ ಗಟ್ಟಿಯಾಗೇ ಇತ್ತು."

ಮೈಯೆಲ್ಲ ಬೆಂಕಿ ಹೊತ್ತಿಕೊಂಡಿತು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಎಂದು ಕಿರುಚಲು ಕುರ್ಚಿ ತಳ್ಳಿ ಎದ್ದೆ. ಅಪ್ಪ ಕೂತಲ್ಲೇ ಹಿಂದಕ್ಕೆ ಸರಿದು ಕಣ್ಣು ಮುಚ್ಚಿಕೊಂಡರು. ಐವತ್ತೆಂಟು ವರ್ಷದ ಮನುಷ್ಯ, ಕಾರ್ಖಾನೆಯಲ್ಲಿ ಎಂಜಿನಿಯರುಗಳೇ ಎದ್ದು ನಿಂತು ಮಾತಾಡಿಸುವ ಮೇಸ್ತ್ರಿ, ತನ್ನ ತಾಯಿಯ ಪ್ರಾಣಕ್ಕೂ ನನ್ನ ಬಾಯಿಗೂ ನಡುವೆ ಸಿಕ್ಕಿ ಹನ್ನೊಂದು ದಿನ ಒದ್ದಾಡಿದ್ದರು.

ಮತ್ತೆ ಕೂತೆ. ಅರ್ಜಿಯ ಆ ಸಾಲನ್ನು ಹೊಡೆದು ಹಾಕಿ ಕೆಳಗೆ ಬರೆದೆ: "ಈ ಕೆಲಸದಲ್ಲಿ ನನ್ನ ತಂದೆಯ ಪಾಲಿದೆ. ಅಳತೆಯ ತಪ್ಪು ಅವರಿಗೆ ಕಂಡಿತ್ತು. ನನಗೆ ಹೆದರಿ ಸುಮ್ಮನಿದ್ದರು." ಆ ಅರ್ಜಿ ಇನ್ನು ಎಲ್ಲಿಗೂ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕಾಗದವನ್ನು ಅವರ ಕಡೆ ತಿರುಗಿಸಿದೆ.

ಅಪ್ಪ ಎರಡು ಸಲ ಓದಿದರು. ಪೆನ್ನು ಹಿಡಿದು ಗೆರೆಯ ಮೇಲೆ ತಂದು ನಿಲ್ಲಿಸಿದರು. ಅವರ ಕಣ್ಣು ಕಾಗದ ಬಿಟ್ಟು ನನ್ನ ಮುಖಕ್ಕೆ ಬಂತು.

"ಇಲ್ಲೇ ಹಾಕ್ಬೇಕಾ?" ಎಂದರು. "ತಪ್ಪಾದ್ರೆ ಬಯ್ಬೇಡ."