ಚುಕ್ಕಿಗಳ ಹಿಂದಿನ ಹೆಸರು

“ನಮ್ಮ ವಿಂಡೋಸ್ ಎನ್‌ಟಿ ಹಾಕಿದ್ರ ಒಂದು ನೊಣಾನೂ ಒಳಗ ಹೋಗಂಗಿಲ್ರಿ,” ಎಂದ ರಾಯಚೂರಿನಿಂದ ಬಂದಿದ್ದ ನರಸಣ್ಣ.

ಲಿಂಗಸುಗೂರಿನ ಕರಿಬಸಪ್ಪ ನಕ್ಕ. ಅವನದು ಲಿನಕ್ಸ್ ಪಕ್ಷ. ಒಳಗೇನಿದೆಯೆಂದು ತೋರಿಸದ ಬೀಗವನ್ನು ನಂಬುವುದು ಹೇಗೆ, ಲಿನಕ್ಸಿನ ಒಂದೊಂದು ಸಾಲನ್ನೂ ಸಾವಿರ ಜನ ಓದಿ ನೋಡಿದ್ದಾರೆ ಎಂದ. ಸಾವಿರ ಜನ ಹೊಕ್ಕು ನೋಡಿದ ಮನೆಗೆ ಬಾಗಿಲಾದರೂ ಯಾಕೆ ಎಂದು ನರಸಣ್ಣ ತಿರುಗಿ ಚುಚ್ಚಿದ.

ಸಿಂಧನೂರಿನ ಆ ಬೀಜದ ಕಂಪನಿಗೆ ಕಂಪ್ಯೂಟರ್ ಬಂದು ಎರಡು ವರ್ಷವೂ ಆಗಿರಲಿಲ್ಲ. ಅದನ್ನು ನಡೆಸುವ ಸಂಗಮ್ಮ ಗಾಜಿನ ಕೋಣೆಯಲ್ಲಿ, ಲೆಕ್ಕಪತ್ರವೆಲ್ಲ ಇದ್ದ ಸರ್ವರಿನ ಮುಂದೆ ಕೂತಿದ್ದಳು. ಕಂಪನಿಗೆ ಬೀಜ ಬೆಳೆದುಕೊಡುವ ರೈತರ ಪಟ್ಟಿ ಎದುರಾಳಿ ಕಂಪನಿಯ ಕೈ ಸೇರಿ ನಾಲ್ಕು ದಿನ. ಹೊಸದಾಗಿ ಯಾವುದನ್ನು ಹಾಕಿಸಬೇಕೆಂದು ಕೇಳಲು ಸಾಹುಕಾರ ಅಮರಗುಂಡಪ್ಪನವರು ಇವರಿಬ್ಬರನ್ನೂ ಕರೆಸಿದ್ದರು. ಎಷ್ಟೇ ಜಗಳವಾದರೂ ಒಂದು ಮಾತಿಗೆ ಇಬ್ಬರೂ ಒಂದೇ: ಈ ಸರ್ವರನ್ನು ಯಾರೂ ಒಡೆದಿಲ್ಲ, ಪಾಸ್‌ವರ್ಡ್ ಗೊತ್ತಿದ್ದವರೇ ತೆರೆದಿದ್ದಾರೆ. ಗೊತ್ತಿದ್ದವರು ಇಬ್ಬರೇ. ಒಬ್ಬರು ಸಾಹುಕಾರರು.

“ಮುಂಜಾನೆ ಮಸ್ಕಿ ಬಸ್ಸಿಗೆ ಬರ್ತಿ, ಸಂಜಿಗೆ ಹೋಗ್ತಿ. ನಡುವ ಯಾರ ಕೂಡ ಮಾತಾಡಿದಿ, ಹೇಳಿಬಿಡವ್ವ,” ಎಂದರು ಅವರು ಸಂಗಮ್ಮನಿಗೆ, ಮೆತ್ತಗೆ.

ಅಜ್ಜಿಯ ಕಥೆಯ ರಕ್ಕಸ ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಬಚ್ಚಿಟ್ಟಿದ್ದ. ಸಾಹುಕಾರರು ಬಚ್ಚಿಟ್ಟದ್ದು ಮನೆದೇವರ ಹೆಸರಿನಲ್ಲಿ. ಬೇರೆ ಪಾಸ್‌ವರ್ಡ್ ಇಡೋಣವೆಂದು ಸಂಗಮ್ಮ ಎರಡು ಸಲ ಕೇಳಿ, ದೇವರನ್ನು ಬದಲಿಸುತ್ತಾರೇನು ಎಂದು ಬೈಸಿಕೊಂಡಿದ್ದಳು. ಈಗ ಆ ಮಾತೆತ್ತಿದರೆ ದೇವರೇ ಕಾವಲು ತಪ್ಪಿದನೆಂದ ಹಾಗಾಗುತ್ತಿತ್ತು.

ಅಷ್ಟರಲ್ಲಿ ಗುಲ್ಷನ್‌ಬೀ ಚಹಾ ತಂದಳು. ಸಂಗಮ್ಮ ತಟ್ಟನೆ ಅವಳತ್ತ ತಿರುಗಿದಳು.

“ಅಕ್ಕಾ, ಸಾವ್ಕಾರ್ರು ಈ ಡಬ್ಬಿಗೊಂದು ಗುಟ್ಟಿನ ಹೆಸರು ಇಟ್ಟಾರ. ಏನಿರಬಹುದು?”

“ಅದ್ಯಾತರ ಗುಟ್ಟವ್ವ,” ಗುಲ್ಷನ್‌ಬೀ ಗ್ಲಾಸು ಇಡುತ್ತಲೇ ಅಂದಳು. “ಅಮರೇಶ್ವರ ಅಂತ ಇಟ್ಟಿರ್ತಾರ. ಅದು ಬಿಟ್ಟು ಮತ್ತೇನ ಇಡ್ತಾರ?”

ಸಂಗಮ್ಮ ಒಂದೊಂದೇ ಅಕ್ಷರ ಒತ್ತಿದಳು. ಪರದೆಯ ಮೇಲೆ ಚುಕ್ಕಿಗಳು ಸಾಲುಗಟ್ಟಿದವು, ಸರ್ವರ್ ತೆರೆದುಕೊಂಡಿತು. ನರಸಣ್ಣ, ಕರಿಬಸಪ್ಪ ಇಬ್ಬರೂ ಒಟ್ಟಿಗೇ ಅದರತ್ತ ಬಾಗಿದರು. ನಾಲ್ಕು ದಿನಗಳಲ್ಲಿ ಮೊದಲ ಸಲ ಅವಳ ಎದೆ ಹಗುರಾಯಿತು.

ಅಮರಗುಂಡಪ್ಪನವರು ಪರದೆಯನ್ನು ನೋಡಲೇ ಇಲ್ಲ.

“ನಿನಗ ಯಾರು ಹೇಳಿದ್ರು?” ಎಂದು ಗುಲ್ಷನ್‌ಬೀಯನ್ನು ಕೇಳಿದರು. ಅವರ ನೋಟ ಅವಳಿಂದ ಸಂಗಮ್ಮನಿಗೆ ಬಂತು, ಮತ್ತೆ ಅವಳಿಗೆ ಹೋಯಿತು. ಆಮೇಲೆ ಎದ್ದು ಹೋಗಿ ಬಾಗಿಲ ಚಿಲಕ ಹಾಕಿದರು.

ಗುಲ್ಷನ್‌ಬೀ ಉಳಿದ ಗ್ಲಾಸುಗಳ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಗಾಜಿನಾಚೆ ಕಂಪನಿಯ ಲಾರಿಯೊಂದು ಹಿಂದಕ್ಕೆ ಸರಿಯುತ್ತ ಬಂತು. ಅದರ ಬೆನ್ನ ಮೇಲೆ ಮೊಳದುದ್ದ ಕೆಂಪಕ್ಷರಗಳಲ್ಲಿ ಬರೆಸಿದ್ದ ಮನೆದೇವರ ಹೆಸರು ಹತ್ತಿರವಾಗುತ್ತ, ಹತ್ತಿರವಾಗುತ್ತ, ಇಡೀ ಕಿಟಕಿಯನ್ನು ತುಂಬಿತು.